ಯುದ್ಧಕ್ಕೆ ಹೋದವರ ವಿಳಾಸ ಎಲ್ಲಿ ಕಳೆಯಿತು?

ಪರಶುರಾಂಪುರ (ಚಳ್ಳಕೆರೆ ತಾಲ್ಲೂಕು): ಆಂಧ್ರಪ್ರದೇಶದ ಗಡಿಗೆ ಹೊಂದಿಕೊಂಡಿರುವ ಈ ಬಯಲುಸೀಮೆಯಲ್ಲಿ ಕಲ್ಲಿಗೆ ಬರವಿಲ್ಲ, ಕಲ್ಲಿನ ಮೇಲಿನ ಬರಹಕ್ಕೂ ಬರವಿಲ್ಲ. ಪಕ್ಕದ ಮೊಳಕಾಲ್ಮುರು ತಾಲ್ಲೂಕಿನಲ್ಲಿ ಅಶೋಕನ ಶಾಸನಗಳಿವೆ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹನ್ನೊಂದನೆಯ ಸಂಪುಟ ಚಿತ್ರದುರ್ಗ ಜಿಲ್ಲೆಯ ಶಾಸನಗಳಿಗೇ ಮೀಸಲು. ತುರುಗಳನ್ನು ಕಾಯುತ್ತ, ಊರನ್ನು ಉಳಿಸುತ್ತ ಮಡಿದವನ ಹೆಸರನ್ನು ಕಲ್ಲಿನಲ್ಲಿ ಕೆತ್ತಿ ಊರಬಾಗಿಲಲ್ಲಿ ನಿಲ್ಲಿಸುವ ಪದ್ಧತಿ ಕನ್ನಡ ನಾಡಿನಲ್ಲಿ ಸಾವಿರ ವರ್ಷಕ್ಕೂ ಹಳೆಯದು. ಆದರೆ ಇದೇ ಸೀಮೆಯಿಂದ 1914ರ ಅಥವಾ 1939ರ ಮಹಾಯುದ್ಧಕ್ಕೆ ಹೋಗಿ ಮರಳದವನೊಬ್ಬನ ಹೆಸರನ್ನು ಇಂದು ಆತನ ಮರಿಮೊಮ್ಮಗ ಹುಡುಕಲು ಹೊರಟರೆ ಹೋಗಬೇಕಾದ ದಾರಿ ಹೈಫಾ, ಕೈರೋ, ಬಸ್ರಾ, ಸಿಂಗಪುರಗಳವರೆಗೆ ಚಾಚುತ್ತದೆ. ಅಲ್ಲಿಯೂ ಹೆಸರು ಸಿಗುವ ಭರವಸೆಯಿಲ್ಲ.

ಈ ಪ್ರಶ್ನೆ ಕೇವಲ ಭಾವನಾತ್ಮಕವಾದುದಲ್ಲ. ಯುದ್ಧಸಮಾಧಿಗಳ ಉಸ್ತುವಾರಿ ಹೊತ್ತ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ 2021ರ ಏಪ್ರಿಲ್‌ನಲ್ಲಿ ತನ್ನದೇ ವಿಶೇಷ ಸಮಿತಿಯ ವರದಿಯನ್ನು ಪ್ರಕಟಿಸಿತು. ಮೊದಲ ಮಹಾಯುದ್ಧದಲ್ಲಿ ಮಡಿದ ಆಫ್ರಿಕಾ ಮತ್ತು ಏಷ್ಯಾ ಮೂಲದ 45 ಸಾವಿರದಿಂದ 54 ಸಾವಿರ ಮಂದಿಗೆ ಇತರರಂತೆ ಸಮಾನ ಸ್ಮರಣೆ ದೊರೆತಿಲ್ಲವೆಂದೂ, ಇನ್ನೂ ಕನಿಷ್ಠ 1 ಲಕ್ಷ 16 ಸಾವಿರ ಮಂದಿ, ಪ್ರಾಯಶಃ 3 ಲಕ್ಷ 50 ಸಾವಿರದಷ್ಟು ಮಂದಿ, ಹೆಸರಿನಿಂದ ಸ್ಮರಿಸಲ್ಪಟ್ಟೇ ಇಲ್ಲವೆಂದೂ ಅದು ಒಪ್ಪಿಕೊಂಡಿತು. ಸಂಸ್ಥೆ ಕ್ಷಮೆ ಯಾಚಿಸಿತು. ಬ್ರಿಟಿಷ್ ಸರ್ಕಾರವೂ ಸಂಸತ್ತಿನಲ್ಲಿ ಕ್ಷಮೆ ಕೇಳಿತು. ಈ ಲೆಕ್ಕದಲ್ಲಿ ಪೂರ್ವ ಆಫ್ರಿಕಾ ಮತ್ತು ಈಜಿಪ್ಟಿನವರೇ ಹೆಚ್ಚು. ಭಾರತೀಯರೂ ಇದ್ದಾರೆ.

ಸಮಾನತೆಯ ತತ್ವ, ಸಂಖ್ಯೆಯ ಸ್ಮಾರಕ

1917ರಲ್ಲಿ ಇಂಪೀರಿಯಲ್ ವಾರ್ ಗ್ರೇವ್ಸ್ ಕಮಿಷನ್ ಎಂಬ ಹೆಸರಿನಲ್ಲಿ ಹುಟ್ಟಿದ ಈ ಸಂಸ್ಥೆಯ ಮೂಲತತ್ವ ಉದಾತ್ತವಾದುದು. ಮಡಿದವನು ಜನರಲ್ ಆಗಿರಲಿ, ಸಿಪಾಯಿಯಾಗಿರಲಿ, ಯಾವ ಮತದವನೇ ಆಗಿರಲಿ, ಒಬ್ಬೊಬ್ಬನಿಗೂ ಒಂದು ಸಮಾಧಿಶಿಲೆ, ಇಲ್ಲವಾದರೆ ಸ್ಮಾರಕದ ಮೇಲೆ ಒಂದು ಹೆಸರು. ಫ್ರಾನ್ಸ್ ಮತ್ತು ಬೆಲ್ಜಿಯಂಗಳಲ್ಲಿ ಈ ತತ್ವ ಬಹುಮಟ್ಟಿಗೆ ನಡೆಯಿತು. 1927ರಲ್ಲಿ ಅನಾವರಣಗೊಂಡ ನವ್ ಶಾಪೆಲ್ ಸ್ಮಾರಕದಲ್ಲಿ 4,700ಕ್ಕೂ ಹೆಚ್ಚು ಭಾರತೀಯ ಸೈನಿಕರ ಮತ್ತು ಕೂಲಿದಳದವರ ಹೆಸರುಗಳಿವೆ. ಯುರೋಪಿನ ಹೊರಗೆ ಕಥೆಯೇ ಬೇರೆ. ಇರಾಕಿನ ಬಸ್ರಾ ಸ್ಮಾರಕದಲ್ಲಿ ಬ್ರಿಟಿಷರ ಮತ್ತು ಭಾರತೀಯ ಅಧಿಕಾರಿಗಳ ಹೆಸರುಗಳನ್ನು ಕೆತ್ತಲಾಯಿತು. ಸುಮಾರು 33 ಸಾವಿರ ಭಾರತೀಯ ಸಿಪಾಯಿಗಳನ್ನು ಮಾತ್ರ ಆಯಾ ರೆಜಿಮೆಂಟಿನ ಹೆಸರಿನ ಕೆಳಗೆ ‘ಮತ್ತು ಇಷ್ಟು ಮಂದಿ ಇತರ ಭಾರತೀಯ ಸೈನಿಕರು’ ಎಂಬ ಅಂಕಿಯಾಗಿ ಮುಗಿಸಲಾಯಿತು. ಹೆಸರುಗಳು ಪುಸ್ತಕದಲ್ಲಿ ಉಳಿದವು, ಕಲ್ಲಿಗೆ ಏರಲಿಲ್ಲ. ಆ ಸ್ಮಾರಕವನ್ನೇ 1997ರಲ್ಲಿ ಸದ್ದಾಂ ಹುಸೇನ್ ಸರ್ಕಾರ ಮೂಲಸ್ಥಳದಿಂದ ಕಿತ್ತು ನಾಸಿರಿಯಾ ರಸ್ತೆಯ ಮರುಭೂಮಿಗೆ ಸ್ಥಳಾಂತರಿಸಿತು.

ಅಂಕಿಯಲ್ಲಿ ಮುಗಿಸುವ ಈ ಪರಿ ನಮ್ಮ ನೆರೆಯಲ್ಲೂ ಉಂಟು. ತಮಿಳುನಾಡಿನ ವೆಲ್ಲೂರಿನ ಗಡಿಯಾರ ಗೋಪುರದ ಫಲಕ ಆ ಊರಿನಿಂದ 277 ಮಂದಿ ಮಹಾಯುದ್ಧಕ್ಕೆ ಹೋದರೆಂದೂ ಅವರಲ್ಲಿ 14 ಮಂದಿ ಪ್ರಾಣ ಕೊಟ್ಟರೆಂದೂ ತಿಳಿಸುತ್ತದೆ. ಯಾರ ಮನೆಯ 14 ಮಂದಿ ಎಂಬುದನ್ನು ತಿಳಿಸುವುದಿಲ್ಲ.

ಮೈಸೂರು ಸಂಸ್ಥಾನದ ಪಾಲು

ಚಿತ್ರದುರ್ಗ ಜಿಲ್ಲೆ ಮೈಸೂರು ಸಂಸ್ಥಾನದೊಳಗಿತ್ತು. ಆದ್ದರಿಂದ ಇಲ್ಲಿನ ಹುಡುಕಾಟ ಮೈಸೂರಿನ ಸೇನೆಯಿಂದಲೇ ಆರಂಭವಾಗಬೇಕು. 1914ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧನಿಧಿಗೆ 50 ಲಕ್ಷ ರೂಪಾಯಿ ನೀಡಿದರು. ಅದೇ ವರ್ಷ ಮೈಸೂರು ಇಂಪೀರಿಯಲ್ ಸರ್ವಿಸ್ ಲ್ಯಾನ್ಸರ್ಸ್ ದಳ ಬೆಂಗಳೂರಿನಿಂದ ಈಜಿಪ್ಟಿಗೆ ತೆರಳಿತು. ಸೂಯೆಜ್ ಕಾಲುವೆಯ ರಕ್ಷಣೆ, ಸಿನಾಯ್, ಪ್ಯಾಲೆಸ್ಟೀನ್ ಹೀಗೆ ನಾಲ್ಕು ವರ್ಷ ಅದು ಕಾಳಗದಲ್ಲಿತ್ತು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರದ ಮೇಲೆ 15ನೇ ಇಂಪೀರಿಯಲ್ ಸರ್ವಿಸ್ ಅಶ್ವದಳ ಬ್ರಿಗೇಡ್ ನಡೆಸಿದ ದಾಳಿ ಇತಿಹಾಸದಲ್ಲಿ ಉಳಿದಿದೆ. ಜೋಧಪುರದ ಕುದುರೆಗಳು ನಗರದತ್ತ ನುಗ್ಗಿದವು. ಕಾರ್ಮೆಲ್ ಬೆಟ್ಟದ ಮೇಲಿದ್ದ ಫಿರಂಗಿಗಳನ್ನು ಮೈಸೂರಿನವರು ಅಡಗಿಸಿದರು. 1,350 ಮಂದಿ ಸೆರೆಸಿಕ್ಕರು, 17 ಫಿರಂಗಿಗಳು ವಶವಾದವು. ದಾಳಿ ಮಾಡಿದವರಲ್ಲಿ ಸತ್ತವರು 8 ಮಂದಿ, ಗಾಯಗೊಂಡವರು 34. ಸತ್ತ ಕುದುರೆಗಳು 60. ಒಂದು ತಿಂಗಳ ನಂತರ, ಅಕ್ಟೋಬರ್ 26ರಂದು, ಅಲೆಪ್ಪೋ ಬಳಿಯ ಹರಿತಾನದಲ್ಲಿ ಇದೇ ಎರಡು ದಳಗಳು ಮತ್ತೊಮ್ಮೆ ದಾಳಿಗಿಳಿದವು. ನಾಲ್ಕೇ ದಿನದಲ್ಲಿ ತುರ್ಕಿಯೊಡನೆ ಕದನವಿರಾಮವಾಯಿತು. ಆ ನಾಲ್ಕು ದಿನ ಮುಂಚೆ ಸತ್ತವರ ಬಗ್ಗೆ ಬರೆದವರು ಕಡಿಮೆ.

ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂವರು ಕಂಚಿನ ಸೈನಿಕರು ಹೈದರಾಬಾದ್, ಜೋಧಪುರ, ಮೈಸೂರುಗಳ ಪ್ರತಿನಿಧಿಗಳು. 2017ರ ಜುಲೈನಲ್ಲಿ ಪ್ರಧಾನಿ ನರೇಂದ್ರ ಮೋದಿ ಹೈಫಾದ ಭಾರತೀಯ ಸಮಾಧಿಸ್ಥಳಕ್ಕೆ ಭೇಟಿಯಿತ್ತರು. 2018ರ ಜನವರಿಯಲ್ಲಿ ದೆಹಲಿಯ ಆ ವೃತ್ತಕ್ಕೆ ತೀನ್ ಮೂರ್ತಿ ಹೈಫಾ ಚೌಕ ಎಂಬ ಹೆಸರಾಯಿತು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ಅದರ ಪಕ್ಕದಲ್ಲೇ ದಿನನಿತ್ಯ ಬಸ್ಸಿನಲ್ಲಿ ಹಾಯುವವರಲ್ಲಿ ಅದೇನೆಂದು ಬಲ್ಲವರು ವಿರಳ.

ಇಷ್ಟು ಸ್ಮಾರಕಗಳಿದ್ದೂ ಮೂಲಪ್ರಶ್ನೆ ಉಳಿದೇ ಇದೆ. ವಿಜಯದ ಕಥೆ ರಾಷ್ಟ್ರದ್ದಾಯಿತು, ರಾಜತಂತ್ರದ್ದೂ ಆಯಿತು. ಮಡಿದ ಸವಾರ ಯಾವ ಹಳ್ಳಿಯವನು, ಆತನ ಹೆಂಡತಿಗೆ ಸುದ್ದಿ ಹೇಗೆ ತಲುಪಿತು, ಮಕ್ಕಳಿದ್ದರೆ ಏನಾದರು ಎಂಬುದು ಯಾವ ಸಮಾರಂಭದ ಭಾಷಣದಲ್ಲೂ ಬರುವುದಿಲ್ಲ.

ಬೇಡ ಪಡೆಯ ನಾಡಿನಲ್ಲಿ ಸೈನಿಕರಿಲ್ಲವೆ?

ಇಲ್ಲೊಂದು ಐತಿಹಾಸಿಕ ವ್ಯಂಗ್ಯವಿದೆ. ಚಿತ್ರದುರ್ಗದ ಪಾಳೆಯಗಾರರ ಬಲವೇ ಈ ಸೀಮೆಯ ಬೇಡ ಪಡೆಗಳು. 1779ರಲ್ಲಿ ದುರ್ಗ ಹೈದರಾಲಿಯ ವಶವಾದಾಗ 20 ಸಾವಿರ ಜನರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದನೆಂದೂ, ಅವರಲ್ಲಿನ ಹುಡುಗರಿಂದ ಚೇಲಾ ಪಟಾಲಂಗಳನ್ನು ಕಟ್ಟಿದನೆಂದೂ ವಿಲ್ಕ್ಸ್ ದಾಖಲಿಸಿದ್ದಾನೆ. ಆ ಹುಡುಗರು ಎಲ್ಲೆಲ್ಲಿ ಹೋರಾಡಿ ಎಲ್ಲೆಲ್ಲಿ ಬಿದ್ದರೆಂಬುದಕ್ಕೆ ಊರುಗಳಲ್ಲಿ ಲೆಕ್ಕವಿಲ್ಲ. ಅಮೃತ್ ಮಹಲ್ ರಾಸುಗಳನ್ನು ಸೇನೆಯ ಸಾಗಣೆಗೆಂದೇ ಬೆಳೆಸಿದ ಕಾವಲುಗಳು ಚಳ್ಳಕೆರೆ ಸೀಮೆಯಲ್ಲಿವೆ. ದನಗಳ ತಳಿಯ ದಾಖಲೆಯನ್ನು ಸರ್ಕಾರಗಳು ಜೋಪಾನವಾಗಿ ಇಟ್ಟುಕೊಂಡು ಬಂದವು.

ಆದರೆ ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಬ್ರಿಟಿಷ್ ಸೇನೆ ‘ಯೋಧ ಜನಾಂಗ’ಗಳ ಸಿದ್ಧಾಂತಕ್ಕೆ ಒಲಿಯಿತು. ಮದರಾಸು ಸೇನೆಯ ದಂಡನಾಯಕನಾಗಿದ್ದ ರಾಬರ್ಟ್ಸ್ ದಕ್ಷಿಣದವರು ಕಾಳಗಕ್ಕೆ ಯೋಗ್ಯರಲ್ಲವೆಂದು ಬಗೆದವನು. ಪಂಜಾಬು, ಗಢವಾಲ, ನೇಪಾಳಗಳಿಂದ ಭರ್ತಿ ಹೆಚ್ಚಿತು, ದಕ್ಷಿಣದ ಪಟಾಲಂಗಳು ಕರಗಿದವು. ಹೀಗಾಗಿ ಕನ್ನಡ ನಾಡಿನ ಹಳ್ಳಿಗರು ಯುದ್ಧಕ್ಕೆ ಹೋದಾಗ ಹಲವರು ಬಂದೂಕಿನ ಸಾಲಿನಲ್ಲಿ ಹೋಗಲಿಲ್ಲ. ಪಯೋನಿಯರ್ ದಳಗಳಲ್ಲಿ ರಸ್ತೆ ಕಡಿಯುವವರಾಗಿ, ಸ್ಯಾಪರ್‌ಗಳಾಗಿ, ಹೇಸರಗತ್ತೆ ಹೊಡೆಯುವವರಾಗಿ, ಡೋಲಿ ಹೊರುವವರಾಗಿ, ಅಡುಗೆಯವರಾಗಿ ಹೋದರು. ಸೇನೆಯ ಭಾಷೆಯಲ್ಲಿ ಇವರಲ್ಲಿ ಹಲವರು ಸೈನಿಕರೇ ಅಲ್ಲ, ‘ಫಾಲೋವರ್’ಗಳು. ದಾಖಲೆಯ ಮಟ್ಟಿಗೆ ಈ ಭೇದ ಬಹು ದುಬಾರಿಯಾಯಿತು. ಸಿಪಾಯಿಯ ಸಾವು ರೆಜಿಮೆಂಟಿನ ಪುಸ್ತಕಕ್ಕೆ ಏರುತ್ತಿತ್ತು. ಹಿಂಬಾಲಕನ ಸಾವು ಎಷ್ಟೋ ಸಲ ಒಂದು ಅಂಕಿಯಾಗಿ ನಿಲ್ಲುತ್ತಿತ್ತು. 2021ರ ವರದಿ ಹೇಳುವ ಅಸಮಾನತೆಯ ಬಹುಪಾಲು ಇಂಥ ಕೂಲಿದಳಗಳವರದೇ. ದಕ್ಷಿಣ ಆಫ್ರಿಕಾದ ಕಪ್ಪು ಕೂಲಿದಳದ 1,700ಕ್ಕೂ ಹೆಚ್ಚು ಮಂದಿಗೆ ಕೇಪ್ ಟೌನ್ ನಗರದಲ್ಲಿ ಹೆಸರಿನ ಸ್ಮಾರಕ ಎದ್ದದ್ದು 2025ರ ಜನವರಿಯಲ್ಲಿ, ಅಂದರೆ ಯುದ್ಧ ಮುಗಿದು ನೂರಕ್ಕೂ ಹೆಚ್ಚು ವರ್ಷದ ನಂತರ.

ಎರಡನೆಯ ಮಹಾಯುದ್ಧದಲ್ಲಿ ಭರ್ತಿಯ ಬಾಗಿಲು ಅಗಲವಾಯಿತು. 25 ಲಕ್ಷ ಭಾರತೀಯರು ಸೇರಿದ ಆ ಸೇನೆಯಲ್ಲಿ ದಕ್ಷಿಣದವರು ದೊಡ್ಡ ಸಂಖ್ಯೆಯಲ್ಲಿದ್ದರು. ಮೈಸೂರು ಇನ್‌ಫೆಂಟ್ರಿಯ ಮೊದಲ ಬೆಟಾಲಿಯನ್ ಸಿಂಗಪುರದಲ್ಲಿತ್ತು. 1942ರ ಫೆಬ್ರವರಿ 15ರಂದು ಆ ಕೋಟೆ ಜಪಾನೀಯರಿಗೆ ಶರಣಾದಾಗ ಅದೂ ಸೆರೆಯಾಯಿತು. ಹಾಗೆ ಸೆರೆಯಾದ ಭಾರತೀಯರಲ್ಲಿ ಹಲವರನ್ನು ನ್ಯೂಗಿನಿ, ನ್ಯೂಬ್ರಿಟನ್ ದ್ವೀಪಗಳಿಗೆ ಕೂಲಿಗೆಂದು ಒಯ್ದರು. ಹಸಿವು, ಮಲೇರಿಯಾ, ಹೊಡೆತಗಳಿಂದ ಅಲ್ಲಿ ಸತ್ತವರ ಸಮಾಧಿಗಳು ರಬೌಲ್ ಬಳಿಯ ಬಿಟಾ ಪಾಕಾದಲ್ಲಿವೆ. ಸಮಾಧಿಯೇ ಗೊತ್ತಿಲ್ಲದವರ ಹೆಸರುಗಳಿಗೆ ಸಿಂಗಪುರದ ಕ್ರಾಂಜಿ ಸ್ಮಾರಕ ನೆಲೆ. ಅದರ ಮೇಲೆ 24 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಸೆರೆಯಾದವರಲ್ಲಿ ಹಲವರು ಆಜಾದ್ ಹಿಂದ್ ಫೌಜ್ ಸೇರಿದರು. ಅಂಥವನೊಬ್ಬ ಬರ್ಮಾದ ಕಾಡಿನಲ್ಲಿ ಬಿದ್ದಿದ್ದರೆ ಆತನ ಕುಟುಂಬಕ್ಕೆ ಯಾವ ಪಕ್ಷದ ಕಡತದಲ್ಲಿ ಹುಡುಕಬೇಕೆಂಬುದೇ ಸಮಸ್ಯೆ.

ಹುಡುಕುವ ಬಗೆ, ಎಡವುವ ಬಗೆ

ಕಮಿಷನ್ನಿನ ದತ್ತಸಂಚಯ ಈಗ ಅಂತರ್ಜಾಲದಲ್ಲಿ ಎಲ್ಲರಿಗೂ ಉಚಿತ. ಹೆಸರು, ಸೇವಾಸಂಖ್ಯೆ, ದಳ, ಸತ್ತ ದಿನಾಂಕ, ಸಮಾಧಿ ಅಥವಾ ಸ್ಮಾರಕದ ಸ್ಥಳ ಇವು ಸಾಮಾನ್ಯವಾಗಿ ದೊರೆಯುತ್ತವೆ. ಭಾಗ್ಯವಿದ್ದರೆ ‘ಇಂಥವನ ಮಗ, ಇಂಥ ಊರಿನವನು’ ಎಂಬ ಸಾಲೂ ಇರುತ್ತದೆ. ತೊಡಕು ಆರಂಭವಾಗುವುದೇ ಆ ಸಾಲಿನಲ್ಲಿ.

ಭರ್ತಿ ಮಾಡುವ ಗುಮಾಸ್ತ ಕನ್ನಡ ಬಲ್ಲವನಾಗಿರಬೇಕೆಂಬ ನಿಯಮವಿರಲಿಲ್ಲ. ಕಿವಿಗೆ ಬಿದ್ದುದನ್ನು ರೋಮನ್ ಅಕ್ಷರಗಳಲ್ಲಿ ಬರೆದುಕೊಂಡ. ನಾಯಕನಹಟ್ಟಿಯ ಪ್ರಭಾವದ ಈ ಸೀಮೆಯಲ್ಲಿ ಮನೆಗೊಬ್ಬ ತಿಪ್ಪೇಸ್ವಾಮಿ, ಓಣಿಗೊಬ್ಬ ಓಬಯ್ಯ, ಬೋರಯ್ಯ, ಪಾಲಯ್ಯ. ತಿಪ್ಪೇಸ್ವಾಮಿಯೊಂದನ್ನೇ ಇಂಗ್ಲಿಷಿನಲ್ಲಿ ನಾಲ್ಕೈದು ಬಗೆಯಲ್ಲಿ ಬರೆಯಬಹುದು. ಪರಶುರಾಂಪುರವನ್ನೂ ಅಷ್ಟೇ. ಅದೇ ಹೆಸರಿನ ಊರುಗಳು ಉತ್ತರಪ್ರದೇಶದಲ್ಲೂ ಇರುವುದರಿಂದ ಹುಡುಕಾಟ ಬೇಗನೆ ದಾರಿ ತಪ್ಪುತ್ತದೆ. ಸೇನೆಯ ನಮೂನೆಯಲ್ಲಿ ಹಳ್ಳಿ, ಅಂಚೆಕಚೇರಿ, ತಹಸೀಲು, ಜಿಲ್ಲೆಗೆ ಜಾಗವಿತ್ತು, ಹೋಬಳಿಗೆ ಇರಲಿಲ್ಲ. ಆದ್ದರಿಂದ ಹೋಬಳಿಯ ಸಣ್ಣ ಹಳ್ಳಿಯವನ ವಿಳಾಸ ಅಂಚೆಕಚೇರಿಯ ಊರಿನ ಹೆಸರಿನಲ್ಲೋ ತಾಲ್ಲೂಕಿನ ಹೆಸರಿನಲ್ಲೋ ಅಡಗಿರಬಹುದು. ಜಿಲ್ಲೆ ಅಂದು ಇಂಗ್ಲಿಷಿನಲ್ಲಿ ಚಿತಲದ್ರೂಗ್, ರಾಜ್ಯ ಮೈಸೂರು.

ಗಡಿಯ ಗೊಂದಲ ಇನ್ನೊಂದು. ಇಲ್ಲಿಂದ ಅನತಿದೂರದ ರಾಯದುರ್ಗ ಆಗ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರಲ್ಲಿ ಬಳ್ಳಾರಿ ಜಿಲ್ಲೆ ಹೋಳಾದಾಗ ಅದು ಆಂಧ್ರಕ್ಕೆ ಸೇರಿತು. ಕೊಡುಕೊಳ್ಳುವಿಕೆಯ ಸಂಬಂಧವಿದ್ದ ಎರಡು ಊರುಗಳ ದಾಯಾದಿಗಳು ಸೇನೆ ಸೇರಿದ್ದರೆ ಒಬ್ಬನ ಕಾಗದಗಳು ಸಂಸ್ಥಾನದ ಕಡತದಲ್ಲಿ, ಮತ್ತೊಬ್ಬನವು ಬ್ರಿಟಿಷ್ ಭಾರತದ ಕಡತದಲ್ಲಿ. ಸಂಸ್ಥಾನದ ಸೇನೆಯೂ ಒಂದೆಡೆ ಉಳಿಯಲಿಲ್ಲ. ಮೈಸೂರು ಇನ್‌ಫೆಂಟ್ರಿ ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್ ಆಯಿತು. ಆ ರೆಜಿಮೆಂಟಿನ ಕೇಂದ್ರ ತಮಿಳುನಾಡಿನ ವೆಲ್ಲಿಂಗ್ಟನ್ನಿನಲ್ಲಿದೆ. ಲ್ಯಾನ್ಸರ್ಸ್ ದಳ 1953ರಲ್ಲಿ ರೂಪುಗೊಂಡ 61ನೇ ಅಶ್ವದಳದಲ್ಲಿ ಲೀನವಾಯಿತು. ಅದರ ನೆಲೆ ಜಯಪುರ.

ಮತ್ತೊಂದು ಸೂಕ್ಷ್ಮವಿದೆ. ಸಮಾಧಿ ಹುಡುಕುವ ಮಾತು ಹಿಂದೂ ಸೈನಿಕರ ಮಟ್ಟಿಗೆ ಬಹುಪಾಲು ಹೆಸರು ಹುಡುಕುವ ಮಾತು. ಹಿಂದೂ ಎಂದು ನಮೂದಾದವನಿಗೆ ಸೇನೆ ದಹನವನ್ನೇ ವಿಧಿಯೆಂದು ತಿಳಿದಿತ್ತು. ಲಿಂಗಾಯತರಾದಿಯಾಗಿ ಮಣ್ಣು ಮಾಡುವ ಸಮುದಾಯಗಳು ಕನ್ನಡ ನಾಡಿನಲ್ಲಿ ಹಲವು ಇರುವುದನ್ನು ಆ ನಮೂದು ಕಾಣಲಿಲ್ಲ. ಈಜಿಪ್ಟ್ ಮತ್ತು ಪ್ಯಾಲೆಸ್ಟೀನ್‌ಗಳಲ್ಲಿ ಹೀಗೆ ಸಮಾಧಿಯಿಲ್ಲದೆ ಹೋದ ಸುಮಾರು 4 ಸಾವಿರ ಭಾರತೀಯರಿಗಾಗಿ ಸೂಯೆಜ್ ಬಳಿಯ ಪೋರ್ಟ್ ತೌಫಿಕ್‌ನಲ್ಲಿ 1926ರಲ್ಲಿ ಸ್ಮಾರಕ ಎದ್ದಿತು. ಇಸ್ರೇಲ್ ಮತ್ತು ಈಜಿಪ್ಟ್ ನಡುವಿನ ಕಾಳಗಗಳಲ್ಲಿ ಅದು ಜಖಂಗೊಂಡು ನೆಲಸಮವಾಯಿತು. 1980ರಲ್ಲಿ ಕೈರೋದ ಹೆಲಿಯೊಪೊಲಿಸ್ ಸಮಾಧಿಸ್ಥಳದಲ್ಲಿ ಹೊಸದನ್ನು ಕಟ್ಟಲಾಯಿತು. ಒಂದೇ ಹೆಸರು ಎರಡು ಸಲ ನೆಲೆ ಕಳೆದುಕೊಂಡಂತಾಯಿತು.

ಮನೆಯಲ್ಲಿರುವ ಕಾಗದಗಳು

ಇತ್ತ ಭಾರತದ ದಾಖಲೆಗಳ ಸ್ಥಿತಿಯೂ ಸಮಾಧಾನಕರವಲ್ಲ. ಪಿಂಚಣಿಯ ಹಕ್ಕಿಲ್ಲದೆ ಸೇವೆಯಿಂದ ಹೊರಬಿದ್ದವರ ಸೇವಾದಾಖಲೆಗಳನ್ನು 25 ವರ್ಷಗಳ ನಂತರ ನಾಶಪಡಿಸಲು ಸೇನಾ ನಿಯಮಗಳೇ ಅವಕಾಶ ನೀಡುತ್ತವೆ. ಪಿಂಚಣಿ ಕೋರಿ ನ್ಯಾಯಾಲಯದ ಮೆಟ್ಟಿಲೇರಿದ ಎಷ್ಟೋ ವೃದ್ಧರಿಗೆ ರೆಕಾರ್ಡ್ ಆಫೀಸಿನಿಂದ ಬಂದ ಉತ್ತರ ಇದೇ. ಲಾಂಗ್ ರೋಲ್ ಎಂಬ ದೊಡ್ಡ ಪುಸ್ತಕ ಮಾತ್ರ ಶಾಶ್ವತ. ಅದರಲ್ಲಿ ಇರುವುದು ಒಬ್ಬೊಬ್ಬನಿಗೆ ಒಂದೊಂದು ಸಾಲು. ಸೇವಾಸಂಖ್ಯೆ ಗೊತ್ತಿಲ್ಲದವನಿಗೆ ಆ ಸಾಲೂ ಸಿಗದು.

ಸೇವಾಸಂಖ್ಯೆ ಸಿಗುವುದು ಮನೆಯಲ್ಲೇ. ಅಟ್ಟದ ಟ್ರಂಕಿನಲ್ಲಿನ ಪದಕದ ಅಂಚನ್ನು ನೋಡಬೇಕು. ಮೊದಲ ಮಹಾಯುದ್ಧದ ಪದಕಗಳ ಅಂಚಿನ ಮೇಲೆ ಸಂಖ್ಯೆ, ಹೆಸರು, ದಳಗಳನ್ನು ಒತ್ತಿರುತ್ತಿದ್ದರು. ವಿಧವೆಗೆ ಬರುತ್ತಿದ್ದ ಪಿಂಚಣಿಯ ಪತ್ರ, ಡಿಸ್ಚಾರ್ಜ್ ಪುಸ್ತಕ, ಮಾಜಿ ಸೈನಿಕರ ಕೋಟಾದಲ್ಲಿ ಜಮೀನು ಸಿಕ್ಕಿದ್ದರೆ ಅದರ ಸಾಗುವಳಿ ಚೀಟಿ ಇವೆಲ್ಲ ಸುಳಿವುಗಳೇ. ಪಹಣಿಯನ್ನು ಭೂಮಿ ಯೋಜನೆಯಡಿ ಗಣಕಕ್ಕೆ ಏರಿಸಿದಾಗ ಹಳೆಯ ಕೈಬರಹದ ಪುಸ್ತಕಗಳು ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮುಗಳಲ್ಲಿ ಉಳಿದವು. ಜಮೀನು ಹೇಗೆ ಬಂತೆಂಬ ಷರಾ ಇರುವುದು ಆ ಪುಸ್ತಕಗಳಲ್ಲಿ. ಪದಕವನ್ನು ಬರಗಾಲದಲ್ಲಿ ಬೆಳ್ಳಿಯ ತೂಕಕ್ಕೆ ಮಾರಿಕೊಂಡ ಮನೆಗಳಿಗೆ ಆ ಷರಾವೇ ಕೊನೆಯ ಆಸರೆ.

ಜನನ ಮರಣದ ಲೆಕ್ಕವನ್ನು ಮೈಸೂರು ಸಂಸ್ಥಾನದ ಹಳ್ಳಿಗಳಲ್ಲಿ ಪಟೇಲ, ಶಾನುಭೋಗರು ಇಡುತ್ತಿದ್ದರು. 1961ರ ಕಾಯಿದೆಯಿಂದ ವಂಶಪಾರಂಪರ್ಯದ ಈ ಹುದ್ದೆಗಳು ರದ್ದಾದವು. ಲೆಕ್ಕಪತ್ರಗಳಲ್ಲಿ ಒಂದಿಷ್ಟು ಸರ್ಕಾರಕ್ಕೆ ಸೇರಿದವು, ಒಂದಿಷ್ಟು ಮನೆಗಳಲ್ಲಿ ಗೆದ್ದಲಿಗೆ ಸಂದವು. ಈ ಲೆಕ್ಕಕ್ಕೆ ಅನಿರೀಕ್ಷಿತ ಬೆಲೆಯೊಂದಿದೆ. ಕಮಿಷನ್ನಿನ ನಿಯಮದ ಪ್ರಕಾರ ರಣರಂಗದಲ್ಲಿ ಸತ್ತವನಷ್ಟೇ ಯುದ್ಧಮೃತನಲ್ಲ. 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರೊಳಗೆ, ಅಥವಾ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರೊಳಗೆ ಸೇವೆಯಲ್ಲಿದ್ದು ಯಾವ ಕಾರಣದಿಂದ ಸತ್ತರೂ ಆತ ಸ್ಮರಣೆಗೆ ಅರ್ಹ. ಸೇವೆಯಿಂದ ಬಿಡುಗಡೆಯಾದ ಮೇಲೆ, ಸೇವೆಯಲ್ಲಿ ತಗುಲಿದ ಗಾಯ ಅಥವಾ ರೋಗದಿಂದ ಸತ್ತವನೂ ಅರ್ಹ. ಬಸ್ರಾದಿಂದ ಜ್ವರ ಹೊತ್ತು ಬಂದು ತನ್ನೂರಿನ ಜಗಲಿಯ ಮೇಲೆ ಪ್ರಾಣ ಬಿಟ್ಟವನ ಹೆಸರು ಯಾವ ಸ್ಮಾರಕದಲ್ಲೂ ಇಲ್ಲದಿರುವುದು ಸಹಜ, ಏಕೆಂದರೆ ಆತ ಸತ್ತುದನ್ನು ಸೇನೆಗೆ ತಿಳಿಸಿದವರಿಲ್ಲ. ಸೇವೆಗೂ ಸಾವಿಗೂ ಸಾವಿನ ಕಾರಣಕ್ಕೂ ಪುರಾವೆ ಒದಗಿಸಿದರೆ ಹೆಸರನ್ನು ಸೇರಿಸುವ ವ್ಯವಸ್ಥೆ ಇಂದಿಗೂ ಇದೆ.

ಪಂಜಾಬು ಮಾಡಿದ್ದು

ಪಂಜಾಬಿನ ಉದಾಹರಣೆ ಇಲ್ಲಿ ಪ್ರಸ್ತುತ. ಮೊದಲ ಯುದ್ಧ ಮುಗಿದ ಕೂಡಲೆ 1919ರಲ್ಲಿ ಅಲ್ಲಿನ ಸರ್ಕಾರ ಹಳ್ಳಿ ಹಳ್ಳಿಯಿಂದ ಸೇನೆಗೆ ಹೋದವರ ಪಟ್ಟಿ ತಯಾರಿಸಿತು. ತಂದೆಯ ಹೆಸರು, ಜಾತಿ, ದಳ, ಬದುಕಿದನೋ ಸತ್ತನೋ ಎಂಬ ವಿವರಗಳ ಆ ಪುಸ್ತಕಗಳು ಲಾಹೋರ್ ವಸ್ತುಸಂಗ್ರಹಾಲಯದಲ್ಲಿ ಶತಮಾನದಷ್ಟು ಕಾಲ ಮಲಗಿದ್ದವು. ಬ್ರಿಟನ್ನಿನ ಯು.ಕೆ. ಪಂಜಾಬ್ ಹೆರಿಟೇಜ್ ಅಸೋಸಿಯೇಷನ್ ಮತ್ತು ಗ್ರೀನಿಚ್ ವಿಶ್ವವಿದ್ಯಾಲಯಗಳು ಅವುಗಳನ್ನು ಗಣಕಕ್ಕೇರಿಸುವ ಕೆಲಸ ಕೈಗೊಂಡವು. 3 ಲಕ್ಷ 20 ಸಾವಿರ ಸೈನಿಕರ ವಿವರಗಳುಳ್ಳ ಆ ಸಂಗ್ರಹದ ಮೊದಲ ಭಾಗ 2021ರ ನವೆಂಬರಿನಲ್ಲಿ ಸಾರ್ವಜನಿಕರಿಗೆ ತೆರೆಯಿತು. ಲಂಡನ್ನಿನಲ್ಲಿ ಕುಳಿತ ಪಂಜಾಬಿ ಕುಟುಂಬಗಳು ತಮ್ಮ ಹಳ್ಳಿಯ ಪುಟ ತೆರೆದು ಮುತ್ತಜ್ಜನನ್ನು ಕಂಡುಕೊಂಡವು.

ಕನ್ನಡ ನಾಡಿನ ಹಿರಿಯರು ಮೈಸೂರು, ಮದರಾಸು, ಮುಂಬಯಿ, ಹೈದರಾಬಾದು, ಕೊಡಗು ಹೀಗೆ ಐದು ಆಡಳಿತಗಳಿಂದ ಯುದ್ಧಕ್ಕೆ ಹೋದವರು. ಒಂದೇ ಪುಸ್ತಕದಲ್ಲಿ ಅವರೆಲ್ಲ ದೊರೆಯುವ ಸಂಭವವೇ ಇಲ್ಲ. ಹಾಗೆಂದೇ ಇಲ್ಲಿ ಕೆಲಸ ತಿರುವುಮುರುವಾಗಿ ನಡೆಯಬೇಕಾಗುತ್ತದೆ. ಕಮಿಷನ್ನಿನ ದತ್ತಸಂಚಯದಿಂದ ಮೈಸೂರು, ಧಾರವಾಡ, ಬೆಳಗಾವಿ, ಬಳ್ಳಾರಿ, ಕೊಡಗುಗಳ ವಿಳಾಸವಿರುವ ಹೆಸರುಗಳನ್ನು ಮೊದಲು ಹೆಕ್ಕಬೇಕು, ಅವುಗಳನ್ನು ಕನ್ನಡಕ್ಕೆ ತಿರುಗಿಸಿ ತಾಲ್ಲೂಕುವಾರು ವಿಂಗಡಿಸಬೇಕು, ಬಳಿಕ ಊರಿಗೆ ಒಯ್ದು ಕೇಳಬೇಕು. ರಾಜ್ಯ ಪತ್ರಾಗಾರ, ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ, ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳು ಕೂಡಿದರೆ ಇದು ದೊಡ್ಡ ಖರ್ಚಿನ ಕೆಲಸವಲ್ಲ. ರಾಜಧಾನಿಯಲ್ಲಿ 75 ಅಡಿಯ ಏಕಶಿಲಾ ವೀರಗಲ್ಲು ನಿಲ್ಲಿಸಲು ತೋರಿದ ಆಸಕ್ತಿಯಲ್ಲಿ ಹತ್ತನೆಯ ಒಂದು ಪಾಲು ಸಾಕು. ದೆಹಲಿಯಲ್ಲಿ 2019ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ಅಂದು ಇದ್ದ 25,942 ಹೆಸರುಗಳು ಸ್ವಾತಂತ್ರ್ಯಾನಂತರದವು. ಅದಕ್ಕೂ ಹಿಂದಿನವರಿಗೆ ಇಂಡಿಯಾ ಗೇಟ್ ಇದೆ ಎನ್ನುವವರು ನೆನಪಿಡಬೇಕಾದುದು, 70 ಸಾವಿರಕ್ಕೂ ಹೆಚ್ಚು ಮಂದಿಯ ಹೆಸರಿನಲ್ಲಿ ನಿಂತ ಆ ಕಮಾನಿನ ಮೇಲೆ ಕೆತ್ತಿರುವುದು 13 ಸಾವಿರ ಚಿಲ್ಲರೆ ಹೆಸರುಗಳನ್ನು ಮಾತ್ರ.

ಸ್ವಾತಂತ್ರ್ಯಾನಂತರದ ಕಾಳಗಗಳ ಕುಟುಂಬಗಳಿಗೂ ಈ ಸಂಕಟ ಅಪರಿಚಿತವಲ್ಲ. 1962, 1965, 1971ರ ಯುದ್ಧಗಳಲ್ಲಿ ಮಡಿದವರ ಅಂತ್ಯಕ್ರಿಯೆ ಸಾಮಾನ್ಯವಾಗಿ ಗಡಿಯ ಬಳಿಯೇ ನಡೆಯುತ್ತಿತ್ತು. ಪಾರ್ಥಿವ ಶರೀರವನ್ನು ಊರಿಗೆ ಕಳುಹಿಸುವ ಪರಿಪಾಠ ಬಂದದ್ದು 1999ರ ಕಾರ್ಗಿಲ್ ಕಾಳಗದಿಂದ. ಅಂದಿನಿಂದ ಊರಿಗೊಂದು ಸಮಾಧಿ, ಶಾಲೆಗೊಂದು ಪುತ್ಥಳಿ ಕಾಣತೊಡಗಿತು. ಅದಕ್ಕೂ ಹಿಂದೆ ಹಳ್ಳಿಯ ಮನೆಗೆ ಬರುತ್ತಿದ್ದುದು ಒಂದು ತಂತಿ, ಕೆಲ ದಿನಗಳ ನಂತರ ಆತನ ಪೆಟ್ಟಿಗೆ. 1962ರಲ್ಲಿ ಕಾಣೆಯಾದವರ ಪತ್ನಿಯರಲ್ಲಿ ಬದುಕಿರುವವರಿಗೆ ಈಗ ಎಂಬತ್ತು ದಾಟಿದೆ. ಗಂಡನ ದಳ ಯಾವುದು, ಪತ್ರ ಬರುತ್ತಿದ್ದುದು ಯಾವ ಊರಿನ ಮೊಹರಿನಿಂದ ಎಂಬುದನ್ನು ಹೇಳಬಲ್ಲವರು ಅವರೇ. ತಾಲ್ಲೂಕು ಕಚೇರಿಯ ಹಳೆಯ ಪುಸ್ತಕಗಳನ್ನು ನಾಳೆಯೂ ತೆರೆಯಬಹುದು, ಕೈರೋದ ಕಲ್ಲನ್ನು ಮುಂದಿನ ವರ್ಷವೂ ಓದಬಹುದು. ಕೇಳಿ ಬರೆದುಕೊಳ್ಳುವ ಕೆಲಸವನ್ನು ಮಾತ್ರ ಈ ಅಜ್ಜಿಯರ ಮನೆಗಳಿಂದ ಆರಂಭಿಸಬೇಕಾಗಿದೆ.